ಎರಡು ಸಲ ಹುಟ್ಟಿದ ಡಿವಿಜನ್

ಮ್ಯೂನಿಕ್ಕಿನಲ್ಲಿ ಕಾಣೆಯಾದ ಸೈನಿಕರನ್ನು ಹುಡುಕುವ ಕಚೇರಿಯಲ್ಲಿ ಥೆಕ್ಲಾ ರೌಷರಳನ್ನು ಎಲ್ಲರೂ 'ಜನರಲ್' ಎಂದೇ ಕರೆಯುತ್ತಿದ್ದರು. ಬಂದೂಕು ಮುಟ್ಟಿದವಳಲ್ಲ. ಯುದ್ಧಕಾಲದಲ್ಲಿ ಬರ್ಲಿನ್ನಿನ ಸೇನಾ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದಳು, ಅಷ್ಟೆ. ಯಾವ ಡಿವಿಜನ್ನಿಗೆ ಯಾವ ಸೀಮೆಯ ಗಂಡಸರು, ಯಾವ ರೆಜಿಮೆಂಟು ಎಲ್ಲಿಂದ ಎಲ್ಲಿಗೆ ಎಂಬ ಪಟ್ಟಿಗಳನ್ನು ಬಡಿಯುವುದೇ ಅವಳ ಕೆಲಸ, ಅವೆಲ್ಲ ಇನ್ನೂ ಬಾಯಿಪಾಠ.

೧೯೪೨-೪೩ರ ಚಳಿಗಾಲ ರಷ್ಯಾದ ವೋಲ್ಗಾ ದಂಡೆಯಲ್ಲಿ, ಜರ್ಮನಿಯ ಪೂರ್ವ ಗಡಿಯ ಸೈಲೀಸಿಯಾ ಸೀಮೆಯವರ ೩೯೮ನೆಯ ಡಿವಿಜನ್ ಪೂರ್ತಿ ನಾಶವಾಯಿತು. ಕೆಲವೇ ತಿಂಗಳಲ್ಲಿ ಅದೇ ನಂಬರು ಅವಳ ಪಟ್ಟಿಗೆ ಮತ್ತೆ ಬಂತು, ಈ ಸಲ ಫ್ರಾನ್ಸಿನಲ್ಲಿ.

"ಸತ್ತವರು ಎದ್ದು ಬಂದ್ರಾ ಸಾರ್?" ಎಂದು ಕೇಳಿದ್ದಳು.

"ಆಸ್ಪತ್ರೇಲಿದ್ದವರು, ರಜೆ ಮೇಲೆ ಹೋದವರು, ಹೊಸಬರು, ಎಲ್ಲಾ ಗುಡ್ಡೆ ಹಾಕಿ ಹಳೇ ನಂಬರ್ ಕೊಟ್ಟಿದಾರೆ. ನೀನು ಟೈಪ್ ಮಾಡಮ್ಮ," ಎಂದಿದ್ದ ಮೇಲಧಿಕಾರಿ.

೧೯೫೭ರಲ್ಲಿ ಗುಡ್ರುನ್ ಎಂಬ ಹತ್ತೊಂಬತ್ತರ ಹುಡುಗಿ ಅವಳ ಮೇಜಿನ ಮುಂದೆ ಕುಳಿತಳು. ತಾಯಿ ಸೈಲೀಸಿಯಾ ಬಿಟ್ಟು ಓಡಿಬರುವ ದಾರಿಯಲ್ಲೇ ತೀರಿಕೊಂಡಿದ್ದಳು, ಸಾಕಿದ್ದು ಚಿಕ್ಕಮ್ಮ. ತಂದೆ ಬ್ರೂನೋ ಕಶೂಬಾ, ಗಾರೆ ಕೆಲಸದವ. ೩೯೮ನೆಯ ಡಿವಿಜನ್ ಎಂದಿದ್ದ ಅವನ ಕಾರ್ಡು ವೋಲ್ಗಾದಲ್ಲಿ ಕಾಣೆಯಾದವರ ಪೆಟ್ಟಿಗೆಯಲ್ಲಿತ್ತು. ಹನ್ನೆರಡು ವರ್ಷದಿಂದ ಅಲ್ಲಿಂದ ಬಂದವರನ್ನೆಲ್ಲ ಕೇಳಿದ್ದಾಯಿತು, ಒಬ್ಬನಿಗೂ ಅವನ ಗುರುತಿಲ್ಲ.

"ಅಪ್ಪ ನಲವತ್ಮೂರರ ಬೇಸಿಗೇಲಿ ಮನೆಗೆ ಬಂದಿದ್ರು. ಪ್ಲಮ್ ಹಣ್ಣು ಕಿತ್ತುಕೊಟ್ರು. ಆಗ ನಂಗೆ ಐದು ವರ್ಷ," ಎಂದಳು ಹುಡುಗಿ. "ಚಿಕ್ಕಮ್ಮ ಮಾತ್ರ, ಅವರು ಅಷ್ಟೊತ್ತಿಗೆ ಸತ್ತೇ ಹೋಗಿದ್ರು, ನೀನು ಕನಸು ಕಂಡಿದೀಯ ಅಂತಾಳೆ."

ಅವಳ ಹತ್ತಿರ ಒಂದು ಖಾಲಿ ಲಕೋಟೆಯಿತ್ತು. ಮುದ್ರೆ ಅಳಿಸಿತ್ತು, ಐದಂಕಿಯ ಸೇನಾ ಅಂಚೆ ನಂಬರು ಉಳಿದಿತ್ತು. ಯಾವ ನಂಬರು ಯಾವ ತುಕಡಿಯದು ಎಂಬ ದಪ್ಪ ರಿಜಿಸ್ಟರನ್ನು ಥೆಕ್ಲಾ ತೆಗೆದು ಬೆರಳಿಟ್ಟು ಹುಡುಕಿದಳು. ಬೆರಳು ನಿಂತಿತು. ಆ ನಂಬರನ್ನು ಕೊಟ್ಟದ್ದೇ ೧೯೪೩ರ ಜೂನ್‌ನಲ್ಲಿ, ಫ್ರಾನ್ಸಿನ ೩೯೮ಕ್ಕೆ.

"ಕನಸಲ್ಲ ಮಗಳೇ. ನಿಮ್ಮಪ್ಪ ಎರಡನೇ ೩೯೮ರಲ್ಲಿದ್ದೋರು. ನಾವು ಇಷ್ಟು ವರ್ಷ ತಪ್ಪು ಜನರನ್ನ ಕೇಳಿದೀವಿ."

ಹುಡುಗಿ ಲಕೋಟೆಯನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದಳು.

ಫ್ರಾನ್ಸಿನಿಂದ ಮರಳಿದವರಿಗೆ ಪತ್ರಗಳು ಹೋದವು. ಆರು ವಾರಕ್ಕೆ ಉಲ್ಮ್ ಊರಿನ ಬೇಕರಿಯವ ಎಮಿಲ್ ನೊವಾಕ್ ತಾನೇ ರೈಲು ಹತ್ತಿ ಬಂದ. ಕಾರ್ಡಿನ ಮೇಲಿದ್ದ ಫೋಟೋ ನೋಡಿದವನೇ ಟೋಪಿ ತೆಗೆದ.

"ಬ್ರೂನೋ! ಕಾಲ್ಬೆರಳು ಹಿಮಕ್ಕೆ ಸತ್ತು ಆಸ್ಪತ್ರೆ ಸೇರಿದ್ದಕ್ಕೇ ವೋಲ್ಗಾದಿಂದ ಬಚಾವಾಗಿದ್ದ. ಕುಂಟ್ತಾನೇ ಎಲ್ಲರಿಗಿಂತ ಮುಂದೆ ನಡೀತಿದ್ದ ಪುಣ್ಯಾತ್ಮ." ಆಮೇಲೆ ದನಿ ತಗ್ಗಿಸಿದ. "ನಲವತ್ತನಾಲ್ಕರ ಆಗಸ್ಟಲ್ಲಿ ಹೋದ. ನಾರ್ಮಂಡೀಲಿ ಒಂದು ಇಗರ್ಜಿ ಗೋಡೆ ಹಿಂದೆ ನಾನೇ ಮಣ್ಣು ಮಾಡಿದೆ ಕಣಮ್ಮ." ಜಾಗದ ನಕ್ಷೆಯನ್ನೂ ಬರೆದುಕೊಟ್ಟ.

ಮುಂದಿನ ವಸಂತದಲ್ಲಿ ಗುಡ್ರುನ್ ಚಿಕ್ಕಮ್ಮನನ್ನು ಕರೆದುಕೊಂಡು ನಾರ್ಮಂಡಿಗೆ ಹೋಗಿಬಂದಳು.

ಥೆಕ್ಲಾಗೆ ಮಾತ್ರ ನೆಮ್ಮದಿಯಿಲ್ಲ. ಎರಡು ಸಲ ಹುಟ್ಟಿದ ಡಿವಿಜನ್ನುಗಳು ಇನ್ನೆಷ್ಟು? ಅದೇ ಪೆಟ್ಟಿಗೆಯ ಕಾರ್ಡುಗಳನ್ನೆಲ್ಲ ನೆಲದ ಮೇಲೆ ಹರಡಿದಳು.

"ಏನಮ್ಮಾ ಜನರಲ್, ಮತ್ತೆ ಯುದ್ಧಾನಾ?" ಎಂದು ಕಚೇರಿಯ ಅಧಿಕಾರಿ ಪಾಲ್‌ಮಾನ್ ರೇಗಿಸಿದ.

"ಈ ನಂಬರುಗಳನ್ನ ಟೈಪ್ ಮಾಡಿದೋಳು ನಾನೇ ಸಾರ್. ಆಗ ತೆಪ್ಪಗೆ ಬಡಿದೆ. ಈಗ ಬಿಚ್ಚಿ ನೋಡ್ತೀನಿ."

ನಿವೃತ್ತಿಯಾಗುವ ಹೊತ್ತಿಗೆ ನಲವತ್ತೊಂದು ಕಾರ್ಡುಗಳು ತಪ್ಪು ಪೆಟ್ಟಿಗೆಯಿಂದ ಸರಿಯಾದ ಪೆಟ್ಟಿಗೆಗೆ ಸೇರಿದ್ದವು. ಆ ಕಾರ್ಡುಗಳವರಲ್ಲಿ ಒಬ್ಬ, ಮಗ್ಗದ ಕೆಲಸಗಾರ, ಬೆಲ್ಜಿಯಮ್ಮಿನಲ್ಲಿ ಬದುಕಿಯೇ ಇದ್ದ.