ಚಿತ್ರಕ್ಕೆ ಅಡ್ಡವಾದ ಗೋಡೆ

ಸಿದ್ಧಾರ್ಥಿ ಸಂವತ್ಸರ, ಆಶ್ವೀಜ ಬಹುಳ ಬಿದಿಗೆ. ಸೂರ್ಯ ಹುಟ್ಟಿ ಎರಡು ಗಳಿಗೆಯಾಗಿದೆ. ನಾಗಮಂಗಲದ ಅತ್ತೆಯ ಮನೆಯ ಪಕ್ಕದಲ್ಲಿ ಯಾರೋ ಕಾದ ಕಬ್ಬಿಣವನ್ನು ನೀರಿಗೆ ಅದ್ದಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶ್ರೀರಂಗಪಟ್ಟಣದ ಕೋಟೆಯೊಳಗಿನ ನಮ್ಮ ಮನೆ ಕಣ್ಣ ಮುಂದೆ ಬಂತು. ಬೀದಿಗೆ ಮುಖಮಾಡಿ ತಾತನ ಕುಲುಮೆ, ಅದರ ಹಿಂದೆ ನಾವು. ತಿದಿಯ ಉಸಿರಿಗೆ ಎದ್ದು, ಅದು ನಿಂತಾಗ ಮಲಗುತ್ತಿದ್ದ ಮನೆ. ಪಾಲಹಳ್ಳಿಯ ಒಕ್ಕಲು ಮಕ್ಕಳು ಹೊಸ ಕೊಡಲಿಯ ಹರಿತ ನೋಡಲು ನಮ್ಮ ಬಾಗಿಲ ಕಂಬಕ್ಕೇ ಒಂದೇಟು ಹಾಕುತ್ತಿದ್ದರು. "ನಿಮ್ಮಪ್ಪನ ಮನೆ ಕಂಬಕ್ಕೆ ಒಡೀರ್ಲಾ!" ಎಂದು ತಾತ ಬೈಯುತ್ತಿದ್ದ. ಅವರು ನಗುತ್ತಾ ಇನ್ನೊಂದೇಟು ಹಾಕುತ್ತಿದ್ದರು. ನಾನು ಬೆಳೆದದ್ದು ಆ ಬೈಗುಳ ಮತ್ತು ಆ ನಗುವಿನ ನಡುವೆ.

ಈ ಚೈತ್ರದಲ್ಲಿ ಕುಂಪಣಿಯವರ ಗುಂಡು ಕೋಟೆಯನ್ನು ಒಡೆದಾಗ ನಮ್ಮ ಹೆಂಚು ಚೂರಾದವು, ಗೋಡೆಗೆ ಏನೂ ಆಗಲಿಲ್ಲ. ತಾತ ತೆಂಗಿನ ಗರಿ ಹೊದಿಸಿ ಮತ್ತೆ ಕುಲುಮೆ ಹೊತ್ತಿಸಿದ. ಜ್ಯೇಷ್ಠದಲ್ಲಿ ಅವರ ಚಿತ್ರಗಾರನೊಬ್ಬ ಬಂದು, ಎದುರಿನ ಮರದ ನೆರಳಲ್ಲಿ ಕುರ್ಚಿ ಹಾಕಿಸಿ ಕೂತ. ಜೊತೆಗೆ ನಮ್ಮ ಸೀಮೆಯವನೇ ಒಬ್ಬ ದುಭಾಷಿ.

"ಸಾಹೇಬ್ರು ಕೋಟೆ ಒಡ್ದಿರೋ ಜಾಗ ಬರೀಬೇಕಂತೆ. ನಿನ್ ಮನೆ ಅಡ್ಡ ಐತೆ, ತಾತಾ."

"ಆ ಕಡೀಕೋಗಿ ಕೂತ್ಕೊಳ್ಳಕ್ಕೇಳ್ಲಾ. ಕಾಲಿಲ್ವಾ ಅವ್ರಿಗೆ?"

"ಆ ಕಡೆ ಬಿಸ್ಲು ಕಣ್ ತಾತಾ."

ಬಿಸಿಲು! ಫಿರಂಗಿಗೆ ಬಗ್ಗದ ಗೋಡೆಯನ್ನು ಒಬ್ಬನ ನೆರಳಿಗಾಗಿ ಸಿಪಾಯಿಗಳು ಹಗ್ಗ ಕಟ್ಟಿ ಎಳೆದರು. ತಾತ ಸುತ್ತಿಗೆ ಹಿಡಿದು ಅಡ್ಡ ನಿಂತ. ಇಬ್ಬರು ಅವನನ್ನು ಮೂಟೆಯಂತೆ ಎತ್ತಿ ಪಕ್ಕಕ್ಕಿಟ್ಟರು. ಮಧ್ಯಾಹ್ನದೊಳಗೆ ಮನೆ ಮಣ್ಣಾಯಿತು. ಸಂಜೆ ಚಿತ್ರ ನೋಡಿದೆವು: ಹಿಂದೆ ಒಡೆದ ಕೋಟೆ, ಮುಂದೆ ನಮ್ಮ ಮನೆಯ ಮಣ್ಣುಗುಡ್ಡೆ, ಅದರ ಮೇಲೆ ಇಲ್ಲದ ಹೊಗೆ, ಪಕ್ಕದಲ್ಲಿ ಇಲ್ಲದ ತೆಂಗಿನಮರ, ಮುಂದೆ ಕೈಚಾಚಿ ಕೂತ ಒಬ್ಬ ಮುದುಕ.

"ಇವ್ನ್ಯಾರ್ಲಾ ಈ ತಿರ್ಕ?" ತಾತ ಕೇಳಿದ.

"ನೀನೇ ಕಣ್ ತಾತಾ," ಎಂದು ದುಭಾಷಿ ತಲೆ ತಗ್ಗಿಸಿದ. ಕೆಳಗೆ ಬರೆದದ್ದನ್ನೂ ಓದಿ ಹೇಳಿದ. ತಮ್ಮ ಗುಂಡಿಗೆ ಉರುಳಿದ ಮನೆ ಎಂದಿತ್ತು.

ಮನೆ ಹೋದ ಮೇಲೆ ನಾವು ಅತ್ತೆಯ ಮನೆ ಸೇರಿದೆವು; ತಾತ ಹೋದ ತಿಂಗಳು ಇಲ್ಲೇ ತೀರಿಕೊಂಡ. ಕೊನೆಯವರೆಗೂ, ಯಾರೇ ಬರಲಿ, "ಗೋಡೆ ಗುಂಡಿಗೆ ಬೀಳ್ನಿಲ್ಲ ಕಣಪ್ಪಾ" ಎನ್ನುತ್ತಲೇ ಇದ್ದ. ಆ ಚಿತ್ರ ಹಡಗೇರಿ ಅವರ ದೇಶಕ್ಕೆ ಹೋಗಿದೆ. ಅಲ್ಲಿ ನೋಡುವವರು ನಂಬುತ್ತಾರೆ, ನಾಳೆ ನಮ್ಮ ಮಕ್ಕಳೂ ನಂಬುತ್ತಾರೆ. ನಮ್ಮಂತೆಯೇ ಕೋಟೆಯೊಳಗೆ ಮನೆ ಕಳೆದುಕೊಂಡು ಊರೂರಿಗೆ ಚದುರಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೈತ್ರ ಕಳೆದು ಜ್ಯೇಷ್ಠ ಬರುವವರೆಗೆ ಆ ಬೀದಿಯಲ್ಲಿ ನಡೆದವರು, ನಮ್ಮ ಗೋಡೆ ನಿಂತಿದ್ದನ್ನು ಕಂಡವರು ಯಾರಿದ್ದರೂ, ನಾಗಮಂಗಲದ ಕಮ್ಮಾರರ ಬೀದಿಗೆ ಒಂದು ಓಲೆ ಕಳಿಸಿ. ಕಂಡಷ್ಟನ್ನು ಬರೆದರೆ ಸಾಕು.