ಗೋಣೆಪ್ಪ ಹೇಳದ ವಯಸ್ಸು

ಸೊಕ್ಕೆಯ ಗೋಣೆಪ್ಪ ಕುರಿಯ ಬಾಯಿ ಅಗಲಿಸಿ ಹಲ್ಲು ನೋಡಿದನೆಂದರೆ, ಅದರ ವಯಸ್ಸಿನ ಬಗ್ಗೆ ಸಂತೆಯಲ್ಲಿ ಎರಡನೇ ಮಾತಿಲ್ಲ. ಮಾರುವವನು ಎಳೇ ಮರಿ ಎಂದು ಎಷ್ಟೇ ಕೂಗಲಿ, "ಇದು ಮೊಮ್ಮಕ್ಕಳನ್ನ ಕಂಡೈತೆ, ಹೋಗಲೇ" ಎಂದುಬಿಡುತ್ತಿದ್ದ. ನಾನು ಕಟ್ಟಿದ ಕುರಿಗಳೆಲ್ಲ ಅವನು ಆರಿಸಿದವೇ. ಒಂದೂ ಮೋಸವಾಗಲಿಲ್ಲ. ಅಂಥ ಮನುಷ್ಯ ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳಿದ್ದು ಒಂದೇ ಕಡೆ, ತನ್ನ ಮನೆಯ ಲೆಕ್ಕದಲ್ಲಿ.

ಹೆಂಡತಿ ಲಕ್ಷ್ಮಕ್ಕ ಗೋವಿನಕೋವಿಯ ಸೋದರತ್ತೆಯ ಮಗಳು, ಅವನಿಗಿಂತ ಐದು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಸಂಬಂಧ ತಪ್ಪಬಾರದೆಂದು ಹಿರಿಯರು ಅವಳನ್ನೇ ತಂದರು. ಗೋಣೆಪ್ಪ ಮಾತ್ರ ಅವಳ ವಯಸ್ಸನ್ನು ತನಗೆ ಏರಿಸಿಕೊಂಡು, ತನ್ನದನ್ನು ಅವಳಿಗೆ ಕೊಟ್ಟು, ಊರಿನ ಜಗುಲಿಯಲ್ಲಿ ಹಿರಿಯನಾಗಿ ಕೂತ. ಅವಳೂ ಒಳಗೆ "ಲೇ ಗೋಣಿ" ಎನ್ನುವಳು, ಹೊರಗೆ ಬಂದರೆ "ನಮ್ಮ ಯಜಮಾನ್ರು".

ಹೀಗೇ ನಡೆದುಹೋಗುತ್ತಿತ್ತು. ಆದರೆ ಲಕ್ಷ್ಮಕ್ಕನ ಮಂಡಿ ಕೈಕೊಟ್ಟಿತು. ಡಾಕ್ಟರು ಆಪರೇಷನ್ ಅಂದರು. ಅದರ ಖರ್ಚು ಕೇಳಿ ಇಬ್ಬರೂ ವಾಪಸ್ ಮನೆಗೆ ಬಂದರು.

ಆಗಲೇ ಎಪ್ಪತ್ತು ತುಂಬಿದವರಿಗೆ ಸರ್ಕಾರದ ಆರೋಗ್ಯ ಕಾರ್ಡು ಬಂತು. ಆಶಾ ಕಾರ್ಯಕರ್ತೆ ಸುಧಾ ಜಗುಲಿಗೆ ಬಂದು ತಿಳಿಸಿದಳು: "ಗಂಡ ಹೆಂಡ್ತಿ ಇಬ್ರಾಗೆ ಯಾರಿಗೆ ಎಪ್ಪತ್ತಾಗೈತೋ ಅವರಿಗಷ್ಟೇ ರೀ. ಗೋಣೆಪ್ಪಜ್ಜ, ನಿಮಗೆ ಸಿಗ್ತೈತೆ. ಪಾಪ, ಅಜ್ಜಿ ಇನ್ನೂ ಕಾಯ್ಬೇಕು."

ಗೋಣೆಪ್ಪ ಮನೆಗೆ ಬಂದು, ನಿಜವಾದ ವಯಸ್ಸು ಹೇಳಿಬಿಡ್ತೀನಿ ಎಂದರೆ ಲಕ್ಷ್ಮಕ್ಕ ಒಪ್ಪಲಿಲ್ಲ. "ಇಷ್ಟು ವರ್ಷ ಕಾಯ್ದ ನಿನ್ನ ಮೀಸೆ ನನ್ನ ಮಂಡಿಗಾಗಿ ಇಳಿಸಾಕೆ ಆಗಲ್ಲ. ಕುಂಟ್ತೀನಿ ಬಿಡು."

ಆದರೂ ಕಾರ್ಡು ಮಾಡುವ ದಿನ ಗೋಣೆಪ್ಪ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಪಂಚಾಯಿತಿಗೆ ಬಂದ. ಅವನ ಜೊತೆಗಾರ ಬೋರಣ್ಣ ಕೂಗಿದ: "ಹಿರೀಕ ಬಂದ, ದಾರಿ ಬಿಡ್ರಪ್ಪಾ!" ಸುಧಾ ಮೊಬೈಲು ಹಿಡಿದು, "ಆಧಾರ್ ಕೊಡಿ ಅಜ್ಜ" ಎಂದಳು.

ಲಕ್ಷ್ಮಕ್ಕ ಹಿಂದಿನಿಂದ ಅಂಗಿ ಎಳೆದು, "ನಡೀರಿ, ಹೋಗಾನ" ಎಂದು ಪಿಸುಗುಟ್ಟಿದಳು. ಇನ್ನೊಂದು ಕೈಯಲ್ಲಿ ಮಂಡಿ ಒತ್ತಿಕೊಂಡಿದ್ದಳು. ಗೋಣೆಪ್ಪ ಆ ಕೈಯನ್ನೇ ನೋಡಿದ. ಅವಳ ಚೀಲದಿಂದ ಅವಳ ಆಧಾರ್ ತೆಗೆದು ಸುಧಾಳ ಮುಂದಿಟ್ಟ.

"ನಂದಲ್ಲವ್ವ, ಇವಳ್ದು ಮಾಡು. ಇವಳಿಗೆ ಎಪ್ಪತ್ತೊಂದು. ನನಗಿನ್ನೂ ಅರವತ್ತಾರು."

ಎಲ್ಲರೂ ಅವನ ಮುಖ ನೋಡಿದರು. ಬೋರಣ್ಣ ಬಾಯಿ ಬಿಟ್ಟ: "ಹಂಗಾರೆ ಅಕ್ಕ ನಿನಗಿಂತ ದೊಡ್ಡಾಕಿ ಏನಲೇ?"

"ಹೌದು ಕಣೋ! ನನ್ನನ್ನ ಸೊಂಟದ ಮ್ಯಾಲೆ ಹೊತ್ಕಂಡು ಗೋವಿನಕೋವಿ ಪೂರಾ ತಿರುಗ್ಯಾಳೆ. ಆ ಮಂಡಿ ಸವೆಸಿದ್ದೇ ನಾನು. ಬೇಗ ಮಾಡವ್ವ ಸುಧಾ!"

ನಗು ಎದ್ದಿತು. ಬೋರಣ್ಣ ಬಿಡಲಿಲ್ಲ: "ಸಂತೆ ಕುರಿ ಹಲ್ಲೆಲ್ಲ ನೋಡ್ದೆ, ಮನೇದು ನೋಡ್ಲಿಲ್ಲೇನೋ?"

"ನೋಡಾಕೆ ಬಂದಿದ್ರೆ ಬೆರಳು ಕಡೀತಿದ್ದೆ" ಎಂದಳು ಲಕ್ಷ್ಮಕ್ಕ. ಕಣ್ಣು ಒರೆಸಿಕೊಳ್ಳುತ್ತಲೇ ಎಲ್ಲರಿಗಿಂತ ಜೋರಾಗಿ ನಕ್ಕಳು.

ಆಪರೇಷನ್ ಆ ಕಾರ್ಡಿನಲ್ಲೇ ಆಯಿತು. ಈಗ ಜಗುಲಿಯಲ್ಲಿ ಬೋರಣ್ಣನೇ ಹಿರಿಯ; "ಲೇ ಹುಡುಗಾ, ಆ ಕಡೆ ಸರಿ" ಎಂದು ಗೋಣೆಪ್ಪನನ್ನು ತುದಿಗೆ ತಳ್ಳುತ್ತಾನೆ. ಊಟದ ಹೊತ್ತಿಗೆ ಲಕ್ಷ್ಮಕ್ಕ ಕೋಲಿಲ್ಲದೆ ಬೀದಿಯ ತಿರುವಿನವರೆಗೂ ನಡೆದು ಬಂದು, ಊರಿಗೆಲ್ಲ ಕೇಳುವಂತೆ ಕೂಗುತ್ತಾಳೆ:

"ಲೇ ಗೋಣಿ, ಉಣ್ಣಾಕೆ ಬಾರೋ!"

ಗೋಣೆಪ್ಪ ಮೀಸೆ ತಿರುವಿಕೊಂಡೇ ಎದ್ದು ಹೋಗುತ್ತಾನೆ.