ನರ್ಸಮ್ಮನ ಬೆಳ್ಳಿ ಗೂಬೆ

ಸತುವಿನ ಮೇಲೆ ಬೆಳ್ಳಿ ಕೂಡಿಸುವ ಬಿದ್ರಿ ಅಂಗಡಿಯ ಮುಂದೆ ಹಾಯುವಾಗ ನವಸಾಗರದ ಉಪ್ಪು ಬೆರೆಸಿ ಕುದಿಸಿದ ಕೋಟೆಮಣ್ಣಿನ ಘಾಟು ಮೂಗಿಗೆ ಬಡಿಯಿತು. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಆ ಘಾಟಿಗೆ ಈಗಲೂ ನನಗೆ ನರ್ಸಮ್ಮನ ನೆನಪು...

ಚಿದ್ರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ಆಸ್ಪತ್ರೆಯ ನರ್ಸ್ ಆಗಿದ್ದ ನರ್ಸಮ್ಮನ ಹತ್ತಿರ ಪ್ರಾಚೀನ ಗ್ರೀಕರ ಬೆಳ್ಳಿ ನಾಣ್ಯವೊಂದಿತ್ತು. ಔರಾದಿನಲ್ಲಿ ಕಂಪೌಂಡರ್ ಆಗಿದ್ದ ಗಂಡನಿಗೆ ಪರದೇಶದ ಡಾಕ್ಟರೊಬ್ಬರು ಊರಿಗೆ ಮರಳುವಾಗ ಕೊಟ್ಟದ್ದು. ಒಂದು ಬದಿ ದೇವಿಯ ಮುಖ, ಇನ್ನೊಂದು ಬದಿ ಕಣ್ಣರಳಿಸಿದ ಗೂಬೆ. ಗಂಡ ತೀರಿಕೊಂಡ ಮೇಲೆ ಅದನ್ನು ಬಿದ್ರಿ ಡಬ್ಬಿಯ ಮುಚ್ಚಳಕ್ಕೆ ಕೂಡಿಸಿ, ಒಳಗೆ ಗಂಡನ ಕನ್ನಡಕ ಇಡಬೇಕೆಂದು ನರ್ಸಮ್ಮನ ಆಸೆ.

"ಮೊದ್ಲು ನಮ್ಮ ಸರ್‌ಗೆ ತೋರ್ಸೋಣ್ರಿ ಆಂಟಿ" ಎಂದವಳು ನಾನೇ. ಕಾನ್ವೆಂಟಿನಲ್ಲಿ ನನಗೆ ಇತಿಹಾಸ ಕಲಿಸಿದವರು. ಭಾಲ್ಕಿಯ ಅವರ ಮನೆಯ ತುಂಬ ಹಳೆಯ ನಾಣ್ಯಗಳು. ಗೂಬೆಯನ್ನು ಕಂಡದ್ದೇ ಅವರ ಕೆಳತುಟಿ ಒದ್ದೆಯಾಯಿತು. ಅಡಿಕೆಯ ಕಂದು ಹತ್ತಿದ ಹೆಬ್ಬೆರಳಿನಿಂದ ಅದರ ಬೆನ್ನು ಸವರುತ್ತಲೇ ಇದ್ದರು.

"ಒಂದೊಂದೂ ಕೈಲೆ ಬಡಿದು ಮಾಡ್ಯಾರ. ಒಂದರಂಗ ಇನ್ನೊಂದಿಲ್ಲ. ಇದಕ್ಕs ಮಂದಿ ಹುಚ್ಚಾಗ್ತಾರವಾ!"

ಪರೀಕ್ಷೆಗೆಂದು ಎಂಟು ದಿನ ಇಟ್ಟುಕೊಂಡು, ಕಾಗದದಲ್ಲಿ ಮಡಿಸಿ ಹಿಂದಿರುಗಿಸಿದರು.

ಬಿದ್ರಿ ಕೆಲಸದ ಚಾಚಾ ಅದನ್ನು ಮುಚ್ಚಳಕ್ಕೆ ಕೂಡಿಸಿ, ಚೆನ್ನಾಗಿ ಉಜ್ಜಿ, ಕೋಟೆಮಣ್ಣಿನ ಬಿಸಿನೀರಿಗೆ ಇಳಿಸಿದರು. ಆ ನೀರಿನಲ್ಲಿ ಸತುವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎತ್ತಿದರೆ, ಮುಚ್ಚಳದ ಜೊತೆ ಗೂಬೆಯೂ ಕಪ್ಪು.

"ಯಾ ಅಲ್ಲಾ! ಹ್ವಾದ ತಿಂಗಳ ನೀವು ಮೊದ್ಲ ತಂದಾಗ ನಾನೇ ಒರಿಗಲ್ಲಿಗೆ ಹಚ್ಚಿ ನೋಡಿದ್ದೆ, ಖರೇ ಚಾಂದಿ ಇತ್ತಲ್ರಿ. ಇದು ಬ್ಯಾರೆ ಅದ ಬೆಹನ್."

ಮರುದಿನವೇ ನಾವಿಬ್ಬರೂ ಭಾಲ್ಕಿಗೆ ಹೋದೆವು. "ಕೊಟ್ಟಿದ್ದೇ ತಿರುಗಿ ಕೊಟ್ಟೇನಿ ಸಿಸ್ಟರ್. ಚಹಾ ತಗೋರಿ" ಎಂದು ಸರ್ ನಕ್ಕರು. ಬಲಗೈ ಜುಬ್ಬದ ಜೇಬಿನಲ್ಲಿತ್ತು. ಬಟ್ಟೆಯೊಳಗೆ ಹೆಬ್ಬೆರಳು ಮೆಲ್ಲಗೆ, ಮೆಲ್ಲಗೆ ಆಡುತ್ತಿತ್ತು... ಥೂ! ನರ್ಸಮ್ಮನೂ ಅದನ್ನು ನೋಡಿದರು.

"ಇಟ್ಕೋರಿ ಸರ. ಸವರುವಾಗ ನಮ್ಮ ಮನಿಯವರ ಹೆಸರರೆ ತಗೋರಿ" ಎಂದು ಎದ್ದರು. ಅವರ ಚಹಾ ಹಾಗೇ ಉಳಿಯಿತು. ನಾನು ಮಾತ್ರ, ಬಿಟ್ಟರೆ ಸರ್ ಏನಂದುಕೊಳ್ಳುತ್ತಾರೋ ಎಂದು ಪೂರ್ತಿ ಕುಡಿದೆ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಟಿಕೀಟಿನ ದುಡ್ಡನ್ನೂ ಅವರೇ ಕೊಟ್ಟರು.

ನರ್ಸಮ್ಮ ಈಗಿಲ್ಲ. ಕನ್ನಡಕವನ್ನು ಅವರ ಜೊತೆಗೇ ಮಣ್ಣು ಮಾಡಿದರು. ಸರ್ ಇದ್ದಾರೆ, ನೌಬಾದದಲ್ಲಿ ಎದುರಾದರೆ ನನ್ನ ಬಾಯಿಂದ ಈಗಲೂ ತಾನಾಗಿ "ಗುಡ್ ಮಾರ್ನಿಂಗ್ ಸರ್" ಹೊರಡುತ್ತದೆ. ಮನೆಗೆ ಬಂದು ಬಾಯಿ ಮುಕ್ಕಳಿಸುತ್ತೇನೆ.